ಕಿಟಕಿ ತೆರೆದಿಟ್ಟರೆ ಜನರೇಟರ್ ಮನೆಯೊಳಗಿಡಬಹುದಾ? ಕರೆಂಟ್ ಹೋದ ರಾತ್ರಿಯ ಎರಡು ಕಾಣದ ಅಪಾಯಗಳು

ಏಪ್ರಿಲ್, ಮೇ ತಿಂಗಳಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಗೆ ಮಳೆಗಿಂತ ಮೊದಲು ಗಾಳಿ ಬರುತ್ತದೆ. ಕೊಂಬೆ ಮುರಿದು ತಂತಿ ಮೇಲೆ ಬೀಳುತ್ತದೆ, ಕಂಬ ವಾಲುತ್ತದೆ, ಕರೆಂಟ್ ಹೋಗುತ್ತದೆ. ವರವು ಕಾವಲ್‌ನಲ್ಲಿ ಡಿಆರ್‌ಡಿಒ ಸಂಸ್ಥೆ ಪೈಲಟ್ ಇಲ್ಲದ ವಿಮಾನಗಳನ್ನು ಹಾರಿಸಿ ನೋಡುವ ಪರೀಕ್ಷಾ ಕೇಂದ್ರ 2017ರಿಂದ ಇದೆ. ಪಕ್ಕದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್ ಇದೆ. ಆದರೆ ಕಾವಲಿನ ಬೇಲಿಯ ಆಚೆ, ಹಟ್ಟಿಯ ಮನೆಯಲ್ಲಿ ಕೂತವರಿಗೆ ಆ ರಾತ್ರಿ ಬೇಕಾಗಿರುವುದು ಒಂದು ಫ್ಯಾನು, ಎರಡು ಬಲ್ಬು, ಮೊಬೈಲ್ ಚಾರ್ಜು, ಸಾಧ್ಯವಾದರೆ ತೊಟ್ಟಿಗೆ ನೀರೆತ್ತುವ ಮೋಟಾರು. ಹೀಗಾಗಿ ಅಂಗಡಿ, ಮಗ್ಗದ ಮನೆ, ತೋಟದ ಮನೆ, ಈಗೀಗ ಸಾಮಾನ್ಯ ಮನೆಗಳಲ್ಲೂ ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಸಣ್ಣ ಪೆಟ್ರೋಲ್ ಜನರೇಟರ್ ಕಾಣಿಸುತ್ತಿದೆ.

ಜನರೇಟರಿನ ಹಿಂದೆಯೇ ಸಲಹೆಗಳೂ ಬರುತ್ತವೆ. "ಪಡಸಾಲೆಯಲ್ಲೇ ಇಟ್ಕೊಳ್ಳಿ, ಕಿಟಕಿ ತೆಗೆದಿಟ್ಟರೆ ಏನೂ ಆಗಲ್ಲ." "ಎರಡೂ ಕಡೆ ಪಿನ್ ಇರೋ ವೈರ್ ಮಾಡಿಸಿ, ಯಾವುದಾದ್ರೂ ಸಾಕೆಟ್‌ಗೆ ಚುಚ್ಚಿದರೆ ಇಡೀ ಮನೆಗೆ ಲೈಟು." "ತಲೆ ಸುತ್ತಿದರೆ ಈರುಳ್ಳಿ ಮೂಸಿ, ಮಜ್ಜಿಗೆ ಕುಡಿದು ಮಲಗಿ." ಹೇಳುವವರು ನಮ್ಮವರೇ, ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಮೂರೂ ತಪ್ಪು. ಮೊದಲನೆಯದು ಮನೆಯವರ ಜೀವ ತೆಗೆಯಬಹುದು, ಎರಡನೆಯದು ಕಂಬ ಹತ್ತಿದ ಲೈನ್‌ಮನ್ ಜೀವ ತೆಗೆಯಬಹುದು, ಮೂರನೆಯದು ಬದುಕಿಸಬಹುದಾಗಿದ್ದ ಸಮಯವನ್ನು ಹಾಳು ಮಾಡುತ್ತದೆ.

ಮನೆಯೊಳಗಿಟ್ಟರೆ ಏನಾಗುತ್ತದೆ?

2021ರ ಜುಲೈ ತಿಂಗಳಲ್ಲಿ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ದುರ್ಗಾಪುರದಲ್ಲಿ ರಾತ್ರಿ ಕರೆಂಟ್ ಹೋಯಿತು. ಒಂದು ಕುಟುಂಬ ಮನೆಯೊಳಗೆ ಜನರೇಟರ್ ಹಾಕಿಕೊಂಡು ಮಲಗಿತು. ಬೆಳಗಾಗುವಷ್ಟರಲ್ಲಿ ಏಳು ಜನರಲ್ಲಿ ಆರು ಜನ ತೀರಿಕೊಂಡಿದ್ದರು. ಅಲ್ಲಿ ಬೆಂಕಿ ಬಿದ್ದಿರಲಿಲ್ಲ, ಯಾರಿಗೂ ಶಾಕ್ ಹೊಡೆದಿರಲಿಲ್ಲ.

ಕೊಂದದ್ದು ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ, ಇದ್ದಿಲು, ಯಾವುದೇ ಆಗಲಿ, ಪೂರ್ತಿ ಉರಿಯದೇ ಹೋದಾಗ ಇದು ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಅಡುಗೆ ಗ್ಯಾಸ್ ಸೋರಿದರೆ ಮೂಗಿಗೆ ಗೊತ್ತಾಗುತ್ತದಲ್ಲ, ಅದು ಗ್ಯಾಸಿನ ಸ್ವಂತ ವಾಸನೆಯಲ್ಲ, ಸೋರಿದರೆ ತಿಳಿಯಲಿ ಎಂದು ಕಂಪನಿಯವರು ಬೆರೆಸಿದ್ದು. ಜನರೇಟರಿನ ಅನಿಲಕ್ಕೆ ಹಾಗೆ ಬೆರೆಸುವವರು ಯಾರೂ ಇಲ್ಲ. ಎಂಜಿನ್ನಿನ ಹೊಗೆಯ ನಾತ ಸ್ವಲ್ಪ ಬರಬಹುದು, ಆದರೆ ಮೂಗು ಅದಕ್ಕೆ ಬೇಗ ಒಗ್ಗಿಕೊಳ್ಳುತ್ತದೆ. ನಿದ್ದೆಯಲ್ಲಿದ್ದರಂತೂ ಕೇಳುವುದೇ ಬೇಡ.

ಒಳಗೆ ಹೋದ ಮೇಲೆ ಅದು ಮಾಡುವ ಕೆಲಸ ಸರಳ. ನಮ್ಮ ರಕ್ತದಲ್ಲಿ ಆಮ್ಲಜನಕ ಹೊತ್ತು ತಿರುಗುವ ಹಿಮೋಗ್ಲೋಬಿನ್, ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಬಸ್ಸಿನ ಸೀಟುಗಳನ್ನೆಲ್ಲ ಒಬ್ಬನೇ ಟವೆಲ್ ಹಾಕಿ ಹಿಡಿದ ಹಾಗೆ. ಆಮ್ಲಜನಕ ಹೊರಗೆ ನಿಂತಿರುತ್ತದೆ, ಹತ್ತಲು ಜಾಗವಿಲ್ಲ. ಮಿದುಳು, ಹೃದಯ ಮೊದಲು ಸೋಲುತ್ತವೆ. ಎಚ್ಚರವಿದ್ದವರಿಗೂ ಅಪಾಯ ಅರ್ಥವಾಗುವ ಹೊತ್ತಿಗೆ ಎದ್ದು ಬಾಗಿಲ ತನಕ ನಡೆಯಲು ಕಾಲಿನಲ್ಲಿ ಶಕ್ತಿ ಇರುವುದಿಲ್ಲ.

ಈಗ ಕಿಟಕಿಯ ಮಾತು. ಕಿಟಕಿ ತೆರೆದರೆ ಗಾಳಿ ಆಡುತ್ತದೆ ನಿಜ. ಆದರೆ ಜನರೇಟರ್ ಅನಿಲ ಉಗುಳುವ ವೇಗಕ್ಕೆ ಅದು ಸಾಟಿಯಲ್ಲ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ ಲೆಕ್ಕದಲ್ಲಿ, ಒಂದು ಸಣ್ಣ ಜನರೇಟರ್ ನೂರಾರು ಕಾರುಗಳಷ್ಟು ಕಾರ್ಬನ್ ಮೊನಾಕ್ಸೈಡ್ ಬಿಡಬಲ್ಲದು. ಕಾರಿನ ಸೈಲೆನ್ಸರಿನ ದಾರಿಯಲ್ಲಿ ಈ ಅನಿಲವನ್ನು ಶುದ್ಧ ಮಾಡುವ ಉಪಕರಣ ಇರುತ್ತದೆ, ಸಣ್ಣ ಜನರೇಟರ್‌ಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಜೊತೆಗೆ ಗಾಳಿ ಕಿಟಕಿಯಿಂದ ಯಾವಾಗಲೂ ಹೊರಗೇ ಹೋಗುತ್ತದೆ ಎಂದೇನಿಲ್ಲ. ನಮ್ಮ ಕಡೆಯ ಹಳೇ ಮಾಳಿಗೆ ಮನೆಗಳನ್ನು ನೋಡಿ. ದಪ್ಪ ಗೋಡೆ, ತಗ್ಗು ಬಾಗಿಲು, ಕೈಯಗಲದ ಕಿಟಕಿ. ಬಿಸಿಲಿಗೆ ತಂಪಾಗಿರಲಿ ಎಂದು ಕಟ್ಟಿದ್ದು. ಬಿಸಿಗಾಳಿಯನ್ನು ಹೊರಗಿಡುವ ಅದೇ ಗೋಡೆ ಈ ಅನಿಲವನ್ನು ಒಳಗೇ ಹಿಡಿದಿಡುತ್ತದೆ.

"ಗ್ಯಾಸ್ ಕೆಳಗೆ ಕೂರುತ್ತದೆ, ಮಂಚದ ಮೇಲೆ ಮಲಗಿದರೆ ಸಾಕು" ಎನ್ನುವವರೂ ಇದ್ದಾರೆ. ಅಡುಗೆ ಗ್ಯಾಸಿಗೆ ಆ ಮಾತು ಸರಿ, ಅದು ಗಾಳಿಗಿಂತ ಭಾರ. ಕಾರ್ಬನ್ ಮೊನಾಕ್ಸೈಡ್ ತೂಕ ಹೆಚ್ಚುಕಡಿಮೆ ಗಾಳಿಯಷ್ಟೇ. ಮೇಲೂ ಹೋಗುತ್ತದೆ, ಕೆಳಗೂ ಇಳಿಯುತ್ತದೆ, ಗೋಡೆಯ ಬಿರುಕಿನಿಂದ ಪಕ್ಕದ ಕೋಣೆಗೂ ನುಗ್ಗುತ್ತದೆ.

ಬಿರುಕಿನಿಂದಲೂ ಬರುತ್ತದಾ ಎಂದು ಅನುಮಾನವಿದ್ದರೆ ಕೇರಳದ ವಡಕರದ ಘಟನೆ ನೋಡಿ. 2024ರ ಡಿಸೆಂಬರ್‌ನಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನಿನಲ್ಲಿ ಇಬ್ಬರು ಸತ್ತು ಬಿದ್ದಿದ್ದರು. ಕ್ಯಾಲಿಕಟ್ ಎನ್‌ಐಟಿಯ ತಜ್ಞರು ಅದೇ ಗಾಡಿಯಲ್ಲಿ ಜನರೇಟರ್ ಹಾಕಿ ಅಳತೆ ಮಾಡಿದರು. ತಳದಲ್ಲಿದ್ದ ರಂಧ್ರದ ಮೂಲಕ ಅನಿಲ ಒಳಗೆ ಬರುತ್ತಿತ್ತು. ಎರಡು ಗಂಟೆಯೊಳಗೆ ಅದರ ಪ್ರಮಾಣ 957 ಪಿಪಿಎಂ ತಲುಪಿತು, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 957 ಭಾಗ. ಇದು ಸಣ್ಣ ಅಂಕಿಯಂತೆ ಕಾಣಬಹುದು. ಆದರೆ 800 ಪಿಪಿಎಂ ಇದ್ದರೇ ಮುಕ್ಕಾಲು ಗಂಟೆಯಲ್ಲಿ ತಲೆ ಸುತ್ತಿ ವಾಕರಿಕೆ ಬರುತ್ತದೆ, ಎರಡು ಗಂಟೆಯಲ್ಲಿ ಪ್ರಜ್ಞೆ ತಪ್ಪುತ್ತದೆ.

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಯಂಥ ಕಡೆ ಅಂಗಡಿ ಹಾಕುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಅಂಗಡಿಯ ಹಿಂದೆಯೇ ಜನರೇಟರ್, ಟಾರ್ಪಾಲು ಇಳಿಬಿಟ್ಟು ಒಳಗೆ ನಿದ್ದೆ ಎನ್ನುವುದು ಅದೇ ಕ್ಯಾರವಾನಿನ ಸ್ಥಿತಿ.

ಹಾಗಾದರೆ ಎಲ್ಲಿಡಬೇಕು?

ಹೊರಗೆ, ಬಯಲಲ್ಲಿ, ಮನೆಯಿಂದ ಕನಿಷ್ಠ 20 ಅಡಿ ದೂರ. ಹೊಗೆ ಕೊಳವೆ ಮನೆಗೆ ಬೆನ್ನು ಮಾಡಿರಬೇಕು, ಅಕ್ಕಪಕ್ಕದವರ ಕಿಟಕಿಗೂ ಮುಖ ಮಾಡಿರಬಾರದು. 15 ಅಡಿ ಸಾಕಲ್ಲವೇ ಎಂದು ಅಮೆರಿಕದ ಸರ್ಕಾರಿ ಸಂಶೋಧಕರು ಲೆಕ್ಕ ಹಾಕಿ ನೋಡಿದ್ದಾರೆ. ಗಾಳಿ ಮನೆಯ ಕಡೆ ಬೀಸುತ್ತಿದ್ದು, ಕಿಟಕಿ ತೆರೆದಿದ್ದರೆ ಅಷ್ಟು ದೂರವೂ ಸಾಲದು ಎಂದು ಕಂಡುಬಂತು. ಹಾಗಾಗಿ ಗಾಳಿಯ ದಿಕ್ಕು ನೋಡಿ ಇಡಿ. ಗಾಳಿ ಮನೆಯಿಂದ ಜನರೇಟರ್ ಕಡೆಗೆ ಬೀಸಬೇಕು, ಜನರೇಟರಿನಿಂದ ಮನೆ ಕಡೆಗಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗುವುದನ್ನು ನೋಡಿ ಬೆಳೆದ ನಮಗೆ ಗಾಳಿಯ ದಿಕ್ಕು ಹೇಳಿಕೊಡಬೇಕಾಗಿಲ್ಲ. ಜನರೇಟರ್ ಕಡೆಗಿರುವ ಕಿಟಕಿ ಬಾಗಿಲುಗಳನ್ನು ಮುಚ್ಚಿ. ಹೌದು, ಫಾರ್ವರ್ಡ್ ಹೇಳುವುದಕ್ಕೆ ಪೂರ್ತಿ ಉಲ್ಟಾ.

ಪಡಸಾಲೆ, ಜಗಲಿ, ಮೆಟ್ಟಿಲ ಕೆಳಗಿನ ಜಾಗ, ದನದ ಕೊಟ್ಟಿಗೆ, ಶಟರ್ ಅರ್ಧ ಎತ್ತಿದ ಅಂಗಡಿ, ಮಗ್ಗದ ಕೋಣೆ, ಇವೆಲ್ಲ "ಒಳಗೆ" ಎಂದೇ ಲೆಕ್ಕ. ಕಳ್ಳರ ಭಯ ನಮಗೂ ಅರ್ಥವಾಗುತ್ತದೆ. ಕಬ್ಬಿಣದ ಸರಪಳಿ ಹಾಕಿ ಕಲ್ಲುಕಂಬಕ್ಕೆ ಬೀಗ ಹಾಕಿ, ಒಳಗೆ ಮಾತ್ರ ತರಬೇಡಿ. ಮಳೆ ಬಂದರೆ? ನಾಲ್ಕು ಕಂಬದ ಮೇಲೆ ಒಂದು ತಗಡು, ನಾಲ್ಕೂ ಬದಿ ಖಾಲಿ. ಕೆಳಗೆ ನೀರು ನಿಲ್ಲದಂತೆ ಚಪ್ಪಡಿ ಕಲ್ಲು. ಒದ್ದೆ ಕೈಯಲ್ಲಿ ಮುಟ್ಟಬೇಡಿ. ಪ್ಲಾಸ್ಟಿಕ್ ಹಾಳೆ ಸುತ್ತಿ ಓಡಿಸಿದರೆ ಎಂಜಿನ್ ಕಾದು ಹಾಳೆಯೇ ಹೊತ್ತಿಕೊಳ್ಳುತ್ತದೆ.

ಕಾರ್ಬನ್ ಮೊನಾಕ್ಸೈಡ್ ಪತ್ತೆ ಮಾಡಿ ಕೂಗುವ ಸಣ್ಣ ಅಲಾರಂ ಸಿಗುತ್ತದೆ. ಮಲಗುವ ಕೋಣೆಯಲ್ಲಿ ಒಂದಿದ್ದರೆ ಒಳ್ಳೆಯದು. ಹೊಗೆ ಅಲಾರಂ ಬೇರೆ, ಇದು ಬೇರೆ. ಕೊಳ್ಳುವಾಗ ಕೇಳಿ ತೆಗೆದುಕೊಳ್ಳಿ.

ಆಕ್ಸಿಮೀಟರ್ 98 ತೋರಿಸಿದರೂ ನಂಬಬೇಡಿ

ಮೊದಲ ಲಕ್ಷಣಗಳು ಸಾಮಾನ್ಯ ಸುಸ್ತಿನ ಹಾಗೇ ಇರುತ್ತವೆ: ತಲೆನೋವು, ತಲೆಸುತ್ತು, ವಾಕರಿಕೆ, ಕೈಕಾಲು ಸೋಲು. ಊಟ ಹೆಚ್ಚಾಯಿತು, ಬಿಸಿಲು ತಾಗಿತು ಎಂದುಕೊಳ್ಳುತ್ತೇವೆ. ಗುರುತಿಸುವ ದಾರಿ ಇದೆ. ಜ್ವರ ಇರುವುದಿಲ್ಲ. ಮನೆಯಲ್ಲಿ ಒಬ್ಬರಿಗಲ್ಲ, ಇಬ್ಬರು ಮೂವರಿಗೆ ಒಟ್ಟಿಗೆ ಬರುತ್ತದೆ. ಹೊರಗೆ ಬಂದರೆ ಸ್ವಲ್ಪ ಹಗುರ, ಒಳಗೆ ಹೋದರೆ ಮತ್ತೆ ಶುರು. ಮಕ್ಕಳು, ವಯಸ್ಸಾದವರು, ಬಸುರಿಯರು, ಹೃದಯದ ತೊಂದರೆ ಇರುವವರಿಗೆ ಅಪಾಯ ಹೆಚ್ಚು.

ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಹಲವರ ಮನೆಯಲ್ಲಿದೆ. ಅದನ್ನು ಬೆರಳಿಗೆ ಹಾಕಿ, 98 ಬಂತು, ಏನೂ ಇಲ್ಲ ಎಂದು ಮಲಗಿಬಿಡುವ ಅಪಾಯವಿದೆ. ಆ ಯಂತ್ರ ರಕ್ತದ ಬಣ್ಣ ನೋಡಿ ಅಂಕಿ ಕೊಡುತ್ತದೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಕೆಂಪು, ಕಾರ್ಬನ್ ಮೊನಾಕ್ಸೈಡ್ ಹೊತ್ತದ್ದೂ ಕೆಂಪು. ಮನೆಯಲ್ಲಿರುವ ಸಾಮಾನ್ಯ ಆಕ್ಸಿಮೀಟರಿಗೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ. ವಿಷ ತುಂಬಿದ ರಕ್ತಕ್ಕೂ ಅದು ಒಳ್ಳೆಯ ಅಂಕಿಯನ್ನೇ ಕೊಡುತ್ತದೆ.

ಅನುಮಾನ ಬಂದ ಕೂಡಲೇ ಎಲ್ಲರೂ ಹೊರಗೆ ಬನ್ನಿ. ಮಲಗಿದವರನ್ನು ಎಬ್ಬಿಸಿ, ಏಳದಿದ್ದರೆ ಎಳೆದುಕೊಂಡು ಬನ್ನಿ. ಒಳಗೆ ಬಿದ್ದವರನ್ನು ಕಂಡು ಒಬ್ಬೊಬ್ಬರೇ ನುಗ್ಗಿದರೆ ನುಗ್ಗಿದವರೂ ಬೀಳುತ್ತಾರೆ. ಕೂಗಿ ಜನ ಸೇರಿಸಿ, ಬಾಗಿಲು ಕಿಟಕಿ ಪೂರ್ತಿ ತೆರೆದು, ಬೇಗ ಹೋಗಿ ಬೇಗ ಬನ್ನಿ. 108ಕ್ಕೆ ಕರೆ ಮಾಡಿ, ಆಸ್ಪತ್ರೆಯಲ್ಲಿ "ಜನರೇಟರ್ ಹೊಗೆ ಕುಡಿದಿದ್ದಾರೆ" ಎಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ವೈದ್ಯರಿಗೂ ಇದು ಹೊಳೆಯದೇ ಹೋಗಬಹುದು. ಇದಕ್ಕೆ ಮದ್ದು ಆಮ್ಲಜನಕ. ಬರೀ ಗಾಳಿಯಲ್ಲಿ ಕೂತರೆ ರಕ್ತದಲ್ಲಿರುವ ಈ ಅನಿಲ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು, ಆಸ್ಪತ್ರೆಯ ಮಾಸ್ಕ್ ಹಾಕಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆ. ಈರುಳ್ಳಿ, ನಿಂಬೆಹಣ್ಣು, ಮಜ್ಜಿಗೆ ಯಾವುದೂ ಹಿಮೋಗ್ಲೋಬಿನ್ನಿನ ಹಿಡಿತ ಬಿಡಿಸುವುದಿಲ್ಲ. ಅರೆಪ್ರಜ್ಞೆಯಲ್ಲಿ ಇರುವವರಿಗೆ ಏನಾದರೂ ಕುಡಿಸಿದರೆ ಅದು ಶ್ವಾಸನಾಳಕ್ಕೇ ಹೋಗಬಹುದು.

ಎರಡು ಪಿನ್ನಿನ ವೈರು

ಇನ್ನು ಎರಡನೇ ಫಾರ್ವರ್ಡ್. ವೈರಿನ ಒಂದು ಪಿನ್ ಜನರೇಟರಿಗೆ, ಇನ್ನೊಂದು ಪಿನ್ ಮನೆಯ ಸಾಕೆಟ್ಟಿಗೆ. ಮನೆಯೆಲ್ಲ ಝಗ್ಗನೆ ಬೆಳಗುತ್ತದೆ, ನಿಜ. ಆದರೆ ಮನೆಯ ವೈರಿಂಗ್ ಮನೆಗೇ ಮುಗಿಯುವುದಿಲ್ಲ. ಅದು ಮೀಟರ್ ದಾಟಿ ಕಂಬಕ್ಕೆ, ಕಂಬದಿಂದ ಟಿಸಿಗೆ, ಅಂದರೆ ಟ್ರಾನ್ಸ್‌ಫಾರ್ಮರಿಗೆ ಸೇರಿದೆ. ನೀವು ಒಳಗೆ ತುಂಬಿದ ಕರೆಂಟು ಅದೇ ದಾರಿಯಲ್ಲಿ ವಾಪಸ್ ಹೋಗುತ್ತದೆ.

ಊರಿನ ಟಿಸಿ 11,000 ವೋಲ್ಟನ್ನು ಇಳಿಸಿ ಮನೆಗೆ 230 ವೋಲ್ಟ್ ಕೊಡುತ್ತದೆ. ಟ್ರಾನ್ಸ್‌ಫಾರ್ಮರಿಗೆ ಯಾವ ಕಡೆಯಿಂದ ಬಂತು ಎಂಬ ಭೇದವಿಲ್ಲ. ಈ ಕಡೆಯಿಂದ 230 ಕೊಟ್ಟರೆ ಆ ಕಡೆ ಸಾವಿರಾರು ವೋಲ್ಟಿಗೆ ಏರಿಸಿ ಕೊಡುತ್ತದೆ. ಎಷ್ಟೋ ಸಲ ಬೀದಿಯ ಎಲ್ಲ ಮನೆಗಳ ಭಾರ ಒಮ್ಮೆಲೇ ಬಿದ್ದು ಜನರೇಟರ್ ಉಸಿರುಗಟ್ಟಿ ನಿಂತುಬಿಡುತ್ತದೆ. ಅದಕ್ಕೇ "ನಾವು ಹತ್ತು ವರ್ಷದಿಂದ ಹೀಗೇ ಮಾಡ್ತಿದೀವಿ, ಏನಾಗಿದೆ?" ಎಂದು ಕೇಳುವವರು ಸಿಗುತ್ತಾರೆ. ಆದರೆ ತೋಟದ ಒಂಟಿ ಮನೆಗೆ ಮಾತ್ರ ಇರುವ ಲೈನು, ಅಥವಾ ಗಾಳಿಗೆ ಹತ್ತಿರದಲ್ಲೇ ತುಂಡಾದ ಲೈನು ಆಗಿದ್ದರೆ ಹೊರುವ ಭಾರವೇ ಇರುವುದಿಲ್ಲ. ತಂತಿ ಜೀವಂತವಾಗಿಯೇ ಇರುತ್ತದೆ. ಆ ತಂತಿ ಸರಿಮಾಡಲು ಮಳೆಯಲ್ಲಿ ಬೆಸ್ಕಾಂ ಲೈನ್‌ಮನ್ ಕಂಬ ಹತ್ತಿರುತ್ತಾರೆ, ಟಿಸಿ ಆಫ್ ಮಾಡಿದ್ದೇವೆ ಎಂಬ ಧೈರ್ಯದಲ್ಲಿ. ಅವರೂ ನಿಮ್ಮ ಪಕ್ಕದ ಊರಿನವರೇ.

ದಾರಿಯಲ್ಲಿ ತುಂಡಾಗಿ ಬಿದ್ದ ತಂತಿಗೂ ಇದೇ ಮಾತು ಅನ್ವಯಿಸುತ್ತದೆ. "ಊರಿಗೇ ಕರೆಂಟಿಲ್ಲ, ತಂತಿಯಲ್ಲಿ ಏನಿರುತ್ತೆ" ಎಂದು ಕೋಲಿನಲ್ಲಿ ಸರಿಸಲು, ಕುರಿ ದಾಟಿಸಲು ಹೋಗಬೇಡಿ. ಯಾರದೋ ಮನೆಯ ಜನರೇಟರ್ ಅದರೊಳಗೆ ಇರಬಹುದು. ದೂರ ನಿಂತು, ಬೇರೆಯವರನ್ನೂ ತಡೆದು 1912ಕ್ಕೆ ಹೇಳಿ.

ನಿಮ್ಮ ಜೀವಕ್ಕೂ ಆ ವೈರ್ ಒಳ್ಳೆಯದಲ್ಲ. ಜನರೇಟರ್ ಓಡುತ್ತಿರುವಾಗ ಸಾಕೆಟ್ಟಿನಿಂದ ಕಳಚಿಬಂದ ಪಿನ್ನು ಬರಿಮೈಯ 230 ವೋಲ್ಟ್. ಮಗು ಮುಟ್ಟಿದರೆ ಮುಗಿಯಿತು. ಜನರೇಟರ್ ಓಡುತ್ತಿರುವಾಗಲೇ ಲೈನಿಗೆ ಕರೆಂಟ್ ಬಂದರೆ ಎರಡೂ ಎದುರುಬದುರು ಗುದ್ದಿಕೊಂಡು ಜನರೇಟರ್ ಸುಡುತ್ತದೆ, ವೈರಿಂಗಿಗೂ ಬೆಂಕಿ ಬೀಳಬಹುದು.

ಸರಿಯಾದ ದಾರಿಗೆ ಖರ್ಚು ದೊಡ್ಡದೇನಲ್ಲ. ಮೀಟರ್ ಬೋರ್ಡಿನ ಪಕ್ಕ ಒಂದು ಚೇಂಜ್‌ಓವರ್ ಸ್ವಿಚ್. ಹಿಡಿ ಒಂದು ಕಡೆ ಇದ್ದರೆ ಲೈನು, ನಡುವೆ ಇದ್ದರೆ ಆಫ್, ಇನ್ನೊಂದು ಕಡೆ ಜನರೇಟರ್. ಎರಡೂ ಒಟ್ಟಿಗೆ ಸೇರುವುದಕ್ಕೆ ಅದರ ರಚನೆಯೇ ಬಿಡುವುದಿಲ್ಲ. ಫೇಸ್ ಜೊತೆ ನ್ಯೂಟ್ರಲ್ ಕೂಡ ಬದಲಾಗುವ ಎರಡು ಪೋಲಿನದ್ದೇ ಬೇಕು, ಮೂರು ಫೇಸಿನ ಮನೆಗೆ ನಾಲ್ಕು ಪೋಲಿನದ್ದು. "ಮೇನ್ ಸ್ವಿಚ್ ಆಫ್ ಮಾಡಿ ಹಾಕಿದರೆ ಸಾಲದಾ?" ಎಂದರೆ, ಒಂದು ರಾತ್ರಿ ಕತ್ತಲಲ್ಲಿ, ಆತುರದಲ್ಲಿ, ಮನೆಯಲ್ಲಿ ಬೇರೆ ಯಾರೋ ಮರೆಯುತ್ತಾರೆ. ಮರೆತರೂ ತಪ್ಪಾಗದಂಥ ಸ್ವಿಚ್ ಇದು. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲೇ ಹಾಕಿಸಿ. ಅಷ್ಟು ಆಗದು ಎಂದರೆ ಮನೆ ವೈರಿಂಗ್ ತಂಟೆಗೇ ಹೋಗಬೇಡಿ. ಒಳ್ಳೆಯ ಎಕ್ಸ್‌ಟೆನ್ಷನ್ ಬೋರ್ಡ್ ಎಳೆದು ಫ್ಯಾನು, ಲೈಟುಗಳನ್ನು ನೇರ ಅದಕ್ಕೇ ಹಾಕಿ. ಮೂರು ಎಳೆಯ, ದಪ್ಪ ತಾಮ್ರದ ವೈರ್ ಇರಲಿ. ಸುರುಳಿ ಸುತ್ತಿದಂತೆಯೇ ಬಿಟ್ಟರೆ ಕಾದು ಕರಗುತ್ತದೆ, ಪೂರ್ತಿ ಬಿಡಿಸಿ.

ಒಣ ನೆಲದ ಒಂದು ತೊಂದರೆ

ಚಳ್ಳಕೆರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದು. ಇದಕ್ಕೂ ಜನರೇಟರಿಗೂ ಏನು ಸಂಬಂಧ? ಅರ್ಥಿಂಗ್. ಜನರೇಟರಿನ ಮೈಗೆ ಕರೆಂಟ್ ಸೋರಿದರೆ ಅದು ನಿಮ್ಮ ಮೂಲಕ ಅಲ್ಲದೆ ಅರ್ಥ್ ತಂತಿಯ ಮೂಲಕ ನೆಲಕ್ಕೆ ಇಳಿಯಬೇಕು. ಒಣಗಿ ಬಿರಿದ ಮಣ್ಣು ಕರೆಂಟನ್ನು ಸರಿಯಾಗಿ ಒಯ್ಯುವುದಿಲ್ಲ. ಬೇಸಿಗೆಯಲ್ಲಿ ಒಂದಡಿ ಸರಳು ಚುಚ್ಚಿ ತಂತಿ ಸುತ್ತಿದರೆ ಅದು ಹೆಸರಿಗಷ್ಟೇ ಅರ್ಥಿಂಗ್. ಗುಂಡಿ ಆಳವಾಗಿ ತೋಡಿ ಇದ್ದಿಲು, ಉಪ್ಪು ತುಂಬುವುದು ತೇವ ಹಿಡಿದಿಡಲಿ ಎಂದೇ. ಗಾಳಿಮಳೆ ಶುರುವಾಗುವ ಮುಂಚಿನ ತಿಂಗಳುಗಳಲ್ಲಿ ಆ ಗುಂಡಿಗೆ ಆಗಾಗ ಕೊಡ ನೀರು ಸುರಿಯಿರಿ. ನಿಮ್ಮ ಬೋರ್ಡಿನಲ್ಲಿ ಆರ್‌ಸಿಸಿಬಿ ಇದ್ದರೆ, ಅದು ಜನರೇಟರಿನ ಮೇಲೆ ಓಡುವಾಗಲೂ ಟ್ರಿಪ್ ಆಗುತ್ತದೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಪರೀಕ್ಷೆ ಮಾಡಿಸಿ. ನ್ಯೂಟ್ರಲ್ ಅರ್ಥಿಗೆ ಸೇರಿರದ ಜನರೇಟರಿನಲ್ಲಿ ಅದು ಸುಮ್ಮನಿರುವ ಸಾಧ್ಯತೆ ಇದೆ.

ಎಷ್ಟು ದೊಡ್ಡದು ಬೇಕು?

ಮೊದಲು ಬೇಕೇ ಬೇಕಾ ಎಂದು ಕೇಳಿಕೊಳ್ಳಿ. ಲೈಟು, ಫ್ಯಾನು, ಮೊಬೈಲು ಅಷ್ಟೇ ಆದರೆ ಇನ್ವರ್ಟರ್ ಬ್ಯಾಟರಿ ಸಾಕು. ಹೊಗೆಯಿಲ್ಲ, ಪೆಟ್ರೋಲಿಲ್ಲ. ಜನರೇಟರ್ ಅರ್ಥ ಪಡೆಯುವುದು ಮೋಟಾರು, ಫ್ರಿಜ್ಜು ಎಂದಾಗ, ಅಥವಾ ಕರೆಂಟ್ ಬರಲು ದಿನಗಟ್ಟಲೆ ಆಗುವ ಕಡೆ.

ಜನರೇಟರಿನ ಮೇಲೆ ಬರೆದ ಕೆವಿಎ ಅಂಕಿಯನ್ನು 0.8ರಿಂದ ಗುಣಿಸಿದರೆ ಸುಮಾರು ಎಷ್ಟು ಕಿಲೋವ್ಯಾಟ್ ಎಂದು ಸಿಗುತ್ತದೆ. 2.5 ಕೆವಿಎ ಅಂದರೆ 2 ಕಿಲೋವ್ಯಾಟ್. ಎಲ್‌ಇಡಿ ಬಲ್ಬಿಗೆ 9 ವ್ಯಾಟ್, ಫ್ಯಾನಿಗೆ 75, ಟಿವಿಗೆ ನೂರರ ಒಳಗೆ. ಇಲ್ಲಿಯ ತನಕ ಸುಲಭ. ತೊಂದರೆ ಮೋಟಾರಿನದು. ಒಂದು ಎಚ್‌ಪಿ ಮೋಟಾರು ಓಡುವಾಗ ಸುಮಾರು ಒಂದು ಕಿಲೋವ್ಯಾಟ್ ಎಳೆದರೂ, ಶುರುವಾಗುವ ಕ್ಷಣದಲ್ಲಿ ಅದರ ಮೂರು ನಾಲ್ಕು ಪಟ್ಟು ಎಳೆಯುತ್ತದೆ. ಅಂಗಡಿಯವರು "ಒಂದು ಎಚ್‌ಪಿ ಆರಾಮಾಗಿ ಓಡುತ್ತೆ" ಎಂದರೆ, ಶುರು ಮಾಡಿ ತೋರಿಸಿ ಎನ್ನಿ. ಎಂಜಿನ್ನನ್ನು ಖಾಲಿ ಭಾರದಲ್ಲಿ ಎರಡು ನಿಮಿಷ ಓಡಿಸಿ, ಮೊದಲು ಮೋಟಾರು, ಆಮೇಲೆ ಉಳಿದದ್ದನ್ನು ಒಂದೊಂದಾಗಿ ಹಾಕಿ.

ಪೆಟ್ರೋಲಿನ ಬಗ್ಗೆ ಎರಡೇ ಮಾತು. ಓಡುತ್ತಿರುವ, ಬಿಸಿಯಿರುವ ಜನರೇಟರಿಗೆ ಸುರಿಯಬೇಡಿ. ಸೈಲೆನ್ಸರ್ ಮೇಲೆ ಚೆಲ್ಲಿದ ಹನಿ ಸಾಕು ಬೆಂಕಿಗೆ. ಕಾಲು ಗಂಟೆ ಆರಲು ಬಿಟ್ಟು, ಟಾರ್ಚ್ ಬೆಳಕಲ್ಲಿ ತುಂಬಿ. ಮತ್ತೆ, ನೀರಿನ ಬಾಟಲಿಯಲ್ಲಿ ಪೆಟ್ರೋಲ್, ಸೀಮೆಎಣ್ಣೆ ಇಡಬೇಡಿ. ಕತ್ತಲಲ್ಲಿ ಬಾಯಾರಿದ ಮಕ್ಕಳು ನೀರೆಂದು ಕುಡಿಯುತ್ತಾರೆ. ಪೆಟ್ರೋಲಿನ ಆವಿ ನೆಲಕ್ಕಂಟಿ ಹರಿದು ಒಲೆ, ದೀಪದ ತನಕ ಹೋಗುತ್ತದೆ, ಆದ್ದರಿಂದ ಕ್ಯಾನು ಮನೆಯ ಹೊರಗೇ ಇರಲಿ.

ಕರೆಂಟ್ ವಾಪಸ್ ಬಂತು ಎಂದು ಹೇಗೆ ತಿಳಿಯುವುದು ಎಂಬುದು ಉಳಿದ ಪ್ರಶ್ನೆ, ಏಕೆಂದರೆ ಮನೆ ಜನರೇಟರಿನ ಮೇಲೆ ಓಡುತ್ತಿರುತ್ತದೆ. ಚೇಂಜ್‌ಓವರ್ ಹಾಕಿಸುವಾಗಲೇ ಲೈನಿನ ಕಡೆ ಒಂದು ಸಣ್ಣ ಇಂಡಿಕೇಟರ್ ದೀಪ ಹಾಕಿಸಿಕೊಳ್ಳಿ. ಅದು ಹೊತ್ತಿದರೆ ಮೊದಲು ಮನೆಯ ಸಾಮಾನುಗಳನ್ನು ಆಫ್ ಮಾಡಿ, ಹಿಡಿಯನ್ನು ನಡುವಿಗೆ ತಂದು, ಆಮೇಲೆ ಲೈನಿಗೆ ತಿರುಗಿಸಿ. ಜನರೇಟರನ್ನು ಒಂದೆರಡು ನಿಮಿಷ ಖಾಲಿ ಓಡಲು ಬಿಟ್ಟು ನಿಲ್ಲಿಸಿ. ಒಳಗೆ ತರುವುದು ಪೂರ್ತಿ ತಣ್ಣಗಾದ ಮೇಲೆ, ಪೆಟ್ರೋಲ್ ಕಾಕ್ ಮುಚ್ಚಿ.